ಗುಡ್ಡಕ್ಕೆ ಬರುವ ಮುಂಚೆ ಇದನ್ನು ಓದು

ಪ್ರೀತಿಯ ಪುಟ್ಟಿ,

"ಮಾರ್ಚಲ್ಲಿ ಫ್ರೆಂಡ್ಸ್ ಜೊತೆ ಮುಳ್ಳಯ್ಯನಗಿರಿಗೆ ಬರ್ತೀವಿ ಅಮ್ಮ, ರಾತ್ರಿ ಎಲ್ಲಾದ್ರೂ ಕ್ಯಾಂಪ್‌ಫೈರ್ ಹಾಕ್ತೀವಿ" ಅಂದೆಯಲ್ಲ, ನಾನು ಹೂಂ ಅಂದುಬಿಟ್ಟೆ. ಆಮೇಲೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಫೋನಿನಲ್ಲಿ ಹೇಳುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಭಾನುವಾರ ನಿನ್ನ ಮಾವನ ಜೊತೆ ಊರ ಹಿಂದಿನ ಗುಡ್ಡ ಹತ್ತಿದೆ. ಅಲ್ಲಿ ಬೆಂಕಿ ಬಿದ್ದು ಹತ್ತು ದಿನ ಆಗಿತ್ತು. ಕಾಲಿಟ್ಟಲ್ಲೆಲ್ಲ ಬೂದಿ ಪುಸ್ ಅಂತ ಏಳುತ್ತಿತ್ತು. ಸುಟ್ಟ ಹುಲ್ಲಿನ ಕಡ್ಡಿಗಳು ಪ್ಯಾಂಟಿನ ಮೇಲೆ ಪೆನ್ಸಿಲ್ ಗೀಟು ಎಳೆದ ಹಾಗೆ ಗೀಚುತ್ತಿದ್ದವು. ಕಪ್ಪು ನೆಲದ ಮೇಲೆ ಅಲ್ಲಲ್ಲಿ ಬೆಳ್ಳಗೆ ಏನೋ ಕಂಡಿತು. ಬಸವನಹುಳುವಿನ ಚಿಪ್ಪುಗಳು. ಒಂದನ್ನು ಎತ್ತಿಕೊಂಡರೆ ಸುಣ್ಣದಂತೆ ಬೆರಳಲ್ಲೇ ಪುಡಿಯಾಯಿತು.

ಆದರೆ ಹುಲ್ಲಿನ ಬುಡ ಆಗಲೇ ಚಿಗುರಿತ್ತು! ಮಳೆ ಇಲ್ಲ, ಬರೀ ಇಬ್ಬನಿಗೆ. ಸೂಜಿಯಷ್ಟು ಉದ್ದದ ಹಸಿರು, ಕೆಲವಕ್ಕೆ ತುದಿ ಮಾತ್ರ ಕರಕಲು. ಗಿಡ್ಡ ಈಚಲಿನ ಗರಿಗಳೆಲ್ಲ ಸುಟ್ಟಿದ್ದರೂ ನಡುವಿನಿಂದ ಹೊಸ ಸುಳಿ ಎದ್ದಿತ್ತು. ಮಾವ ನನ್ನ ಮುಖ ನೋಡಿದ. ಇಬ್ಬರಿಗೂ ಒಂದೇ ನೆನಪು.

ನನಗಾಗ ಹನ್ನೊಂದು ವರ್ಷ, ಅವನಿಗೆ ಒಂಬತ್ತು. ದನ ಮೇಯಿಸೋಕೆ ಹೋದಾಗ ಅಜ್ಜನ ಬೀಡಿಯ ಕಡ್ಡಿಪೆಟ್ಟಿಗೆ ಕದ್ದುಕೊಂಡು ಹೋಗಿದ್ದೆವು. ಒಣಹುಲ್ಲು ಸುಟ್ಟರೆ ಎಳೆಹುಲ್ಲು ಬರುತ್ತೆ ಅಂತ ದೊಡ್ಡವರು ಮಾತಾಡುವುದನ್ನು ಕೇಳಿದ್ದೆವು, ಅಷ್ಟೇ. ಕಡ್ಡಿ ಗೀರಿದ್ದು ನಾನು. ಮೊದಲು ಅದು ಚಾಪೆಯಷ್ಟು ಜಾಗದಲ್ಲಿ ಚಟಪಟ ಅಂತ ಉರಿಯಿತು. ಆಮೇಲೆ ಗಾಳಿ ಬೀಸಿತು ನೋಡು, ಬೆಂಕಿ ಗುಡ್ಡ ಹತ್ತತೊಡಗಿತು. ಬೆಂಕಿ ಇಳಿಯುವುದು ನಿಧಾನ, ಹತ್ತುವುದು ಜೋರು. ಕೆಳಗಿನ ಉರಿ ಮೇಲಿನ ಹುಲ್ಲನ್ನು ಕಾಯಿಸಿ ಒಣಗಿಸಿಕೊಂಡೇ ಹೋಗುತ್ತದೆ. ಕಾಜಾಣಗಳು ಹೊಗೆಯೊಳಗೆ ನುಗ್ಗಿ, ಹಾರಿ ಬರುವ ಮಿಡತೆ ಹಿಡಿಯುತ್ತಿದ್ದವು. ನಾವು ದನ ಬಿಟ್ಟು ಓಡಿದೆವು.

ಯಾರೂ ಬೈಯಲಿಲ್ಲ ಪುಟ್ಟಿ. ಯಾರು ಇಟ್ಟಿದ್ದು ಅಂತ ಕೇಳಲೂ ಇಲ್ಲ. ಎರಡು ವಾರಕ್ಕೆ ಗುಡ್ಡ ಹಸಿರಾಯಿತು, ದನ ಹೊಟ್ಟೆ ತುಂಬ ಮೇಯ್ದವು. ಒಳ್ಳೇದೇ ಮಾಡಿದೆವು ಅಂತ ನಾನು ಎಷ್ಟೋ ವರ್ಷ ನಂಬಿದ್ದೆ.

ಆದರೆ ಈ ಸಲದ ಬೆಂಕಿಯ ನಿಜವಾದ ಗಾಯ ಇರುವುದು ಇನ್ನೂ ಮೇಲೆ, ಶೋಲಾ ಕಾಡಿನ, ಅಂದರೆ ಗುಡ್ಡದ ಮಡಿಲಲ್ಲಿರುವ ದಟ್ಟ ಹಸಿರು ಕಾಡಿನ, ಅಂಚಿನಲ್ಲಿ. ಒಳಗೆ ತೇವ ಇರುವುದರಿಂದ ಹುಲ್ಲಿನ ಬೆಂಕಿ ಸುಲಭಕ್ಕೆ ನುಗ್ಗುವುದಿಲ್ಲ. ಆದರೆ ಬಂದಾಗಲೆಲ್ಲ ಅಂಚನ್ನು ಒಂದಿಷ್ಟು ಕಚ್ಚಿಕೊಂಡು ಹೋಗುತ್ತದೆ. ಕಾಡಿನಿಂದ ಹೊರಗೆ ಕಾಲಿಡುತ್ತಿದ್ದ ಎಳೆಸಸಿಗಳೆಲ್ಲ ನಿಂತಲ್ಲೇ ಕಡ್ಡಿಯಾಗಿದ್ದವು. ಅವು ಹುಲ್ಲಿನ ಹಾಗೆ ಎರಡು ವಾರಕ್ಕೆ ಏಳಲ್ಲ. ನಮ್ಮ ತೋಟದ ಹಳ್ಳದ ನೀರು ಹುಟ್ಟುವುದು ಆ ಮರಗಳ ಬುಡದಲ್ಲೇ. 2022ರಲ್ಲಿ ನೀನು ನೀಲಕುರಿಂಜಿ ಹೂವುಗಳ ನಡುವೆ ನಿಂತು ಫೋಟೋ ತೆಗೆಸಿಕೊಂಡ ಜಾಗ ಇದೆಯಲ್ಲ, ಅದೂ ಈಗ ಕಪ್ಪು.

2019ರಲ್ಲಿ ಬಂಡೀಪುರ ಹೊತ್ತಿ ಉರಿದಾಗ ವಾಯುಪಡೆಯ ಹೆಲಿಕಾಪ್ಟರ್ ನೀರು ಸುರಿದದ್ದನ್ನು ಟೀವಿಯಲ್ಲಿ ನೋಡಿದ್ದೆವು, ನೆನಪಿದೆಯಾ? ನಮ್ಮ ಗುಡ್ಡಕ್ಕೆ ಬಂದದ್ದು ಹಸಿ ಸೊಪ್ಪಿನ ಕೊಂಬೆ ಹಿಡಿದ ಅರಣ್ಯ ಇಲಾಖೆಯ ಆರೇಳು ಜನ ವಾಚರ್‌ಗಳು. ರಾತ್ರಿಯಿಡೀ ಬಡಿದರು. ಬೆಳಿಗ್ಗೆ ನಮ್ಮನೆ ಜಗಲಿಯಲ್ಲಿ ಕೂತು ಕಾಫಿ ಕುಡಿದರು. ಒಬ್ಬನ ಹುಬ್ಬೇ ಸುಟ್ಟುಹೋಗಿತ್ತು. ಕನ್ನಡಿ ಕೇಳಿದ, ನೋಡಿಕೊಂಡು ನಕ್ಕ.

ಬರಬೇಡ ಅಂತ ಹೇಳ್ತಿಲ್ಲ. ಬಾ, ನಿನ್ನ ಫ್ರೆಂಡ್ಸನ್ನೂ ಕರೆದುಕೊಂಡು ಬಾ. ಬೆಂಕಿ ಕಾಯಿಸುವ ಆಸೆ ಇದ್ದರೆ ಬಚ್ಚಲೊಲೆ ಇದೆ, ಅದರ ಮುಂದೆ ಎಂಟು ಜನ ಕೂರಬಹುದು. ಕಡ್ಡಿ ಗೀರಿದ ಕಥೆ ಅವರ ಮುಂದೆ ಮಾತ್ರ ತೆಗೆಯಬೇಡ. ಮತ್ತೆ ಹಳೇ ಪ್ಯಾಂಟ್ ಹಾಕಿಕೊಂಡು ಬಾ. ನನ್ನದನ್ನು ಎರಡು ಸಲ ಒಗೆದರೂ ಆ ಗೀಟುಗಳು ಹೋಗಿಲ್ಲ.

ನಿನ್ನ
ಅಮ್ಮ