ಮಗಳಿಗೊಂದು ಪತ್ರ: ಅಟ್ಟದ ಮೇಲಿನ ಸ್ಟೌ

ಮೈಸೂರು
7 ಫೆಬ್ರವರಿ 2021

ಪ್ರೀತಿಯ ಮಗಳೇ,

ನೀನು ಮನೆಯವರ ವಾಟ್ಸ್‌ಆ್ಯಪ್ ಗುಂಪು ಬಿಟ್ಟು ಇವತ್ತಿಗೆ ಹನ್ನೆರಡು ದಿನ. ಕೃಷಿ ಕಾಯ್ದೆಗಳ ವಿರುದ್ಧದ ರೈತರ ಹೋರಾಟದ ಬಗ್ಗೆ ಗಣರಾಜ್ಯೋತ್ಸವದ ರಾತ್ರಿ ದೊಡ್ಡಪ್ಪನಿಗೂ ನಿನಗೂ ನಡೆದ ಜಗಳವನ್ನು ಮೊದಲಿನಿಂದ ಮತ್ತೆ ಓದಿದೆ. ಅವರು ಕಳಿಸಿದ್ದೆಲ್ಲ ಕೆಂಪುಕೋಟೆ ಹತ್ತಿ ಬಾವುಟ ಕಟ್ಟಿದವರ ವಿಡಿಯೊ. ನೀನು ಕಳಿಸಿದ್ದೆಲ್ಲ ಅಶ್ರುವಾಯು, ಲಾಠಿ. ಎರಡೂ ಅದೇ ದಿನ ದೆಹಲಿಯಲ್ಲಿ ನಡೆದದ್ದೇ. ಅವರ ಮೊಬೈಲಿಗೆ ನಿನ್ನದು ಬಂದಿರಲಿಲ್ಲ, ನಿನ್ನದಕ್ಕೆ ಅವರದು ಬಂದಿರಲಿಲ್ಲ. ಯಾವುದನ್ನು ಹೆಚ್ಚು ಹೊತ್ತು ನೋಡುತ್ತೇವೋ ಅಂಥದ್ದನ್ನೇ ಅದು ಮತ್ತೆ ಮತ್ತೆ ತಂದು ತೋರಿಸುತ್ತದೆ. ಸಿಟ್ಟು ಬಂದದ್ದನ್ನು ಬಿಟ್ಟು ನಮ್ಮ ಕಣ್ಣು ಕದಲುವುದೇ ಇಲ್ಲವಲ್ಲ!

ರೈತರ ಪರವಾಗಿ ನೀನು ಫ್ರೀಡಂ ಪಾರ್ಕಿಗೆ ಹೋದದ್ದಕ್ಕೆ ನನಗೆ ಹೆಮ್ಮೆಯಿದೆ. ರೈತರು ಬೀಡುಬಿಟ್ಟ ದೆಹಲಿಯ ಸಿಂಘು, ಟಿಕ್ರಿ, ಗಾಜಿಪುರ ಗಡಿಗಳಲ್ಲಿ ಇಂಟರ್ನೆಟ್ ಕಡಿದಾಗ ನಿನಗಾದ ಸಂಕಟ ನನಗೂ ಆಯಿತು. ತಮ್ಮ ಮಾತನ್ನು ತಾವೇ ಹೇಳಿಕೊಳ್ಳಲು ಅವರಿಗೆ ಮೊಬೈಲ್ ಬೇಕೇ ಬೇಕು. ಅದೊಂದೇ ಸಾಲದೆಂದು ಡಿಸೆಂಬರಿನಲ್ಲಿ ‘ಟ್ರಾಲಿ ಟೈಮ್ಸ್’ ಎಂಬ ಪತ್ರಿಕೆಯನ್ನೂ ಅಚ್ಚು ಹಾಕಿಸಿ ಹಂಚಿದರು.

ಆದರೆ 2012ರ ಆಗಸ್ಟ್ ನನ್ನನ್ನು ಬಿಡುವುದಿಲ್ಲ. ನಾವಾಗ ಬೆಂಗಳೂರಿನಲ್ಲಿದ್ದೆವು. ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಅಸ್ಸಾಮಿನ ಹುಡುಗ ನಿನಗೆ ನೆನಪಿರಬೇಕು. ಸೆಕ್ಯುರಿಟಿ ಕೆಲಸ ಮುಗಿಸಿ ಬಂದು ನಿನಗೆ ಸೈಕಲ್ ಕಲಿಸುತ್ತಿದ್ದವನು. ಈಶಾನ್ಯದವರ ಮೇಲೆ ದಾಳಿಯಾಗುತ್ತದೆ ಎಂಬ ಎಸ್ಸೆಮ್ಮೆಸ್ ಅವನಿಗೂ ಬಂತು. ಕಳಿಸಿದವನು ಅವನ ಊರಿನ ಗೆಳೆಯ; ಕಾಳಜಿಯಿಂದಲೇ ಕಳಿಸಿದ್ದ. ‘ಏನೂ ಆಗುವುದಿಲ್ಲ, ನಾವಿದ್ದೇವೆ’ ಎಂದೆ. ತಲೆಯಾಡಿಸಿದ. ಕೈ ಮಾತ್ರ ಬಟ್ಟೆಗಳನ್ನು ಬ್ಯಾಗಿಗೆ ತುರುಕುತ್ತಲೇ ಇತ್ತು. ಸೀಮೆಎಣ್ಣೆ ಸ್ಟೌ ನನ್ನ ಕೈಗಿಟ್ಟು ಗುವಾಹಟಿಯ ರೈಲಿಗೆ ಹೊರಟ. ಕೆಲವೇ ದಿನಗಳಲ್ಲಿ ಸಾವಿರಾರು ಜನ ಹಾಗೆಯೇ ಹೋದರು. ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದಂತೆ ಸರ್ಕಾರ ತಡೆ ಹಾಕುವ ಹೊತ್ತಿಗೆ ಅವನ ಕೋಣೆ ಖಾಲಿಯಾಗಿತ್ತು. ಅವನು ಮರಳಿ ಬರಲೇ ಇಲ್ಲ. ಸ್ಟೌ ಮೈಸೂರಿಗೂ ನಮ್ಮೊಂದಿಗೆ ಬಂದಿದೆ, ಅಟ್ಟದ ಮೇಲಿದೆ.

ಅಂದು ಅವನನ್ನು ಸ್ಕೂಟರಿನಲ್ಲಿ ಸ್ಟೇಷನ್ನಿಗೆ ಕರೆದೊಯ್ದು, ರೈಲು ಹೊರಡುವವರೆಗೂ ಜೊತೆಗೆ ನಿಂತವರು ಯಾರು ಗೊತ್ತೇ? ಗುಂಪಿನಲ್ಲಿ ನೀನು ‘ಮನುಷ್ಯತ್ವವಿಲ್ಲದವರು’ ಎಂದು ಬರೆದೆಯಲ್ಲ, ಅದೇ ದೊಡ್ಡಪ್ಪ.

ಅವರಿಗೂ ಹೇಳಿದ್ದೇನೆ. ‘ದೇಶದ್ರೋಹಿ’ ಎಂಬ ಮಾತನ್ನು ಎತ್ತಿ ಆಡಿಸಿದ ಮಗುವಿಗೆ ಹೇಳಬಾರದಿತ್ತು ಎಂದೆ. ತುಂಬ ಹೊತ್ತು ಸುಮ್ಮನಿದ್ದು, ಅವಳು ಯುಗಾದಿಗೆ ಬರುತ್ತಾಳಾ ಎಂದು ಕೇಳಿದರು.

ಬರುತ್ತೀಯಾ? ಕಾಯ್ದೆಗಳ ಬಗ್ಗೆ ನಿನಗೆ ಹೇಳುವುದಿರುವುದನ್ನೆಲ್ಲ ಜಗಲಿಯ ಮೇಲೆ ಅವರ ಎದುರು ಕೂತು ಹೇಳು.

ನಿನ್ನ ಅಮ್ಮ