ಪಾಠ ತಿದ್ದಿಕೊಳ್ಳುವ ಹಕ್ಕು ಶಿಕ್ಷಕರಿಗೂ ಇರಲಿ

ಸಂಪಾದಕರಿಗೆ ನಮಸ್ಕಾರ.

ನಾನು ಅಂಕೋಲಾ ತಾಲ್ಲೂಕಿನ ಕಡಲ ಬದಿಯ ಶಾಲೆಯೊಂದರಲ್ಲಿ ನಾಲ್ಕನೇ ತರಗತಿಗೆ ಕಲಿಸುತ್ತೇನೆ. ಹೋದ ವರ್ಷ ಎರಡು ದಿನದ ತರಬೇತಿಗೆ ಹೋಗಿದ್ದೆ. ಮುಗಿಯುವಾಗ ವಾಟ್ಸಾಪ್ ಗ್ರೂಪಿಗೆ ಒಂದು ಪಿಡಿಎಫ್ ಬಂತು. ಅದರಲ್ಲಿ ಒಳ್ಳೆಯ ಚಟುವಟಿಕೆಗಳೇ ಇದ್ದವು. ಆದರೆ ಭಾಗಾಕಾರಕ್ಕೆ ಸೇಬಿನ ಪೆಟ್ಟಿಗೆ, ಅಳತೆಗೆ ಗೋಧಿ ಹೊಲ. ನಮ್ಮ ಕಡೆಗೆ ಹೊಂದುವ ಹಾಗೆ ಬದಲಾಯಿಸಿಕೊಳ್ಳಬಹುದಾ ಎಂದು ಕೇಳಿದೆ. 'ಬೇಡ ಮೇಡಂ, ಇದ್ದ ಹಾಗೇ ಮಾಡಿಸಿ' ಎಂದರು ತರಬೇತಿ ಕೊಟ್ಟವರು. ನನಗೆ ನಿಜಕ್ಕೂ ಬೇಜಾರಾಯಿತು.

ಇದೇ ಕೆಲಸವನ್ನು ಆಫ್ರಿಕಾದಲ್ಲಿ ಬೇರೆ ಥರ ಮಾಡಿದ್ದಾರೆ. ಅಲ್ಲಿ 2005ರಲ್ಲಿ ಟೆಸ್ಸಾ ಎಂಬ ಕೆಲಸ ಶುರುವಾಯಿತು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ಜೊತೆ ಘಾನಾ, ನೈಜೀರಿಯಾ, ಕೀನ್ಯಾ, ಉಗಾಂಡಾ, ತಾಂಜಾನಿಯಾ, ಸುಡಾನ್ ಮುಂತಾದ ದೇಶಗಳ ವಿಶ್ವವಿದ್ಯಾಲಯಗಳು, ಶಿಕ್ಷಕರ ಕಾಲೇಜುಗಳು ಸೇರಿಕೊಂಡು ಪ್ರಾಥಮಿಕ ಶಾಲೆಯ ಶಿಕ್ಷಕರ ತರಬೇತಿಗೆ ಪಠ್ಯ ಸಿದ್ಧಪಡಿಸಿದವು. ಭಾಷೆ, ಗಣಿತ, ವಿಜ್ಞಾನ, ಸಮಾಜ, ಬದುಕಿನ ಕೌಶಲ, ಎಲ್ಲವೂ ಇದೆ. ಇಂಗ್ಲಿಷ್, ಫ್ರೆಂಚ್, ಅರಬ್ಬಿ, ಸ್ವಾಹಿಲಿ, ನಾಲ್ಕು ಭಾಷೆಗಳಲ್ಲಿದೆ. ದುಡ್ಡು ಕೊಡಬೇಕಿಲ್ಲ. ಅದಕ್ಕಿಂತ ದೊಡ್ಡದು ಅದರ ಲೈಸೆನ್ಸ್: ಯಾರು ಬೇಕಾದರೂ ತಿದ್ದಬಹುದು, ಅನುವಾದ ಮಾಡಬಹುದು, ಮೂಲದವರ ಹೆಸರು ಹೇಳಿ ಮತ್ತೆ ಹಂಚಬಹುದು. ಹಾಗಾಗಿ ಒಂದೇ ಪಾಠ ದೇಶದಿಂದ ದೇಶಕ್ಕೆ ಹೋದಾಗ ಅದರೊಳಗಿನ ಊರು, ಬೆಳೆ, ಮಕ್ಕಳ ಹೆಸರು ಬದಲಾಗುತ್ತವೆ, ಆದರೆ ಕಲಿಸುವ ದಾರಿ ಮಾತ್ರ ಹಾಗೇ ಉಳಿಯುತ್ತದೆ. ಇಂಟರ್ನೆಟ್ ಇಲ್ಲದ ಕಡೆಗೆ ಅಚ್ಚು ಹಾಕಿಸಿ, ಸಿ.ಡಿ. ಮಾಡಿ ಕೊಟ್ಟರು.

ದಕ್ಷಿಣ ಆಫ್ರಿಕಾದ ಸೈಡ್ ಸಂಸ್ಥೆಯ ಆಫ್ರಿಕನ್ ಸ್ಟೋರಿಬುಕ್ ಕೂಡ ಹೀಗೆಯೇ. ಮಕ್ಕಳ ಕಥೆಗಳನ್ನು ಶಿಕ್ಷಕರೇ ಬರೆದು, ತಮ್ಮ ತಮ್ಮ ಮಾತಿಗೆ ತಂದುಕೊಳ್ಳಬಹುದು. ಇದು ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ? ಒಂದೇ ತರಗತಿಯಲ್ಲಿ ಕೊಂಕಣಿ ಆಡುವ ಮಗು, ಹಾಲಕ್ಕಿ ಕನ್ನಡ ಆಡುವ ಮಗು ಪಕ್ಕಪಕ್ಕ ಕೂರುತ್ತವೆ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಮಕ್ಕಳ ಮನೆಮಾತೇ ಬೇರೆ.

ನಮ್ಮಲ್ಲಿ ಏನೂ ಇಲ್ಲ ಎಂದು ನಾನು ಹೇಳುತ್ತಿಲ್ಲ. ಟೆಸ್ಸಾದ ಜಾಡಿನಲ್ಲೇ ಬಂದ ಟೆಸ್-ಇಂಡಿಯಾ ಎಂಬ ಶಿಕ್ಷಕರ ತರಬೇತಿ ಯೋಜನೆಯ ಪಠ್ಯ ಕನ್ನಡದಲ್ಲೇ ಇದೆ, ಕರ್ನಾಟಕವೂ ಆ ಯೋಜನೆಯ ರಾಜ್ಯಗಳಲ್ಲಿ ಒಂದಾಗಿತ್ತು. 2017ರಿಂದ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾ ಇದೆ. ಆದರೆ ಅವನ್ನು ನಾವು ಡೌನ್‌ಲೋಡ್ ಮಾಡುತ್ತೇವೆ, ನೋಡುತ್ತೇವೆ, ಅಷ್ಟೇ. ತಿದ್ದಬಹುದು ಎಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ.

ಆ ಸೇಬಿನ ಲೆಕ್ಕವನ್ನು ನಾನು ಕಡೆಗೂ ತಿದ್ದಿದೆ. ಸೇಬು ತೆಗೆದು ಬಂಗಡೆ ಹಾಕಿದೆ. ಬೆಳಿಗ್ಗೆ ನೂರು ರೂಪಾಯಿಗೆ 5, ಸಂಜೆ ಅದೇ ನೂರಕ್ಕೆ 8 ಕೊಟ್ಟರೆ ಒಂದಕ್ಕೆ ಎಷ್ಟು ಬಿತ್ತು? ಯಾವಾಗಲೂ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರುವ ಹುಡುಗಿ ಎದ್ದು ನಿಂತಳು. ಅವಳ ಅಮ್ಮ ಮೀನು ಮಾರುತ್ತಾರೆ. 'ಟೀಚರ್, ಸಂಜೆ ಹನ್ನೆರಡೂವರೆ. ಆದ್ರೆ ಐಸ್ ದುಡ್ಡು ನೀವು ಲೆಕ್ಕಕ್ಕೆ ಹಿಡೀಲೇ ಇಲ್ಲ' ಎಂದಳು. ಆಮೇಲೆ ಐಸು, ಟೆಂಪೋ ಬಾಡಿಗೆ ಎಲ್ಲ ಸೇರಿಸಿ ಆ ಪಾಠ ಮೂರು ದಿನ ನಡೆಯಿತು. ಮಕ್ಕಳು ಅಷ್ಟು ಮಾತಾಡಿದ್ದನ್ನು ನಾನು ಆ ವರ್ಷ ಬೇರೆ ಯಾವ ಪಾಠದಲ್ಲೂ ನೋಡಲಿಲ್ಲ.

ಅದಕ್ಕೇ ನನ್ನ ಕೋರಿಕೆ. ಕಾರವಾರ, ಶಿರಸಿ ಎರಡೂ ಶೈಕ್ಷಣಿಕ ಜಿಲ್ಲೆಗಳಲ್ಲಿ ನಡೆಯುವ ಪ್ರತಿ ತರಬೇತಿಯಲ್ಲೂ ಅರ್ಧ ದಿನವಾದರೂ ಈ ಕೆಲಸಕ್ಕೆ ಬಿಡಲಿ. ಮುಕ್ತ ಲೈಸೆನ್ಸಿನ ಒಂದು ಪಾಠ ಕೊಟ್ಟು, ನಿಮ್ಮ ಊರಿಗೆ ತಕ್ಕಂತೆ ತಿದ್ದಿ ಎನ್ನಲಿ. ತಿದ್ದಿದವರ ಹೆಸರು ಹಾಕಿ ಡಯಟ್‌ನವರು (ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ) ಎಲ್ಲ ಶಾಲೆಗೂ ಹಂಚಲಿ. ಜೋಯಿಡಾದ ಕಾಡಿನ ಶಾಲೆಗಳಿಗೆ ನೆಟ್‌ವರ್ಕ್ ನೆಚ್ಚಿಕೊಳ್ಳದೆ ಅಚ್ಚು ಹಾಕಿಸಿಯೇ ಕೊಡಬೇಕು. ಇದಕ್ಕೆ ಜಾಸ್ತಿ ದುಡ್ಡೇನೂ ಬೇಡ, ಶಿಕ್ಷಕರ ಮೇಲೆ ಸ್ವಲ್ಪ ನಂಬಿಕೆ ಬೇಕು.

ನನ್ನ ಬಂಗಡೆ ಲೆಕ್ಕದ ಹಾಳೆ ಸಿದ್ಧ ಇದೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಘಟ್ಟದ ಮೇಲಿನವರು ಬಂಗಡೆ ಹೊಡೆದು ಅಡಿಕೆ ಅಂತ ಬರೆದುಕೊಂಡು, ಐಸಿನ ಜಾಗದಲ್ಲಿ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗಾರರ ಕೂಲಿ ಹಾಕಿಕೊಳ್ಳಲಿ.

– ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ, ಅಂಕೋಲಾ ತಾಲ್ಲೂಕು