ಲ್ಯಾಪ್‌ಟಾಪ್ ಬಿಸಿಯಾದರೆ ಮೊದಲು ಧೂಳು ತೆಗೆಯಿರಿ

ಮಾನ್ಯ ಸಂಪಾದಕರೇ,

ಲ್ಯಾಪ್‌ಟಾಪ್ ಸ್ಲೋ ಆಯ್ತು, ಹೊಸದು ತಗೋಬೇಕು ಅನ್ನುವವರು ಎಲ್ಲಿ ಹೋದರೂ ಸಿಗುತ್ತಾರೆ. ಅವರ ಮೆಷಿನ್ ಮುಟ್ಟಿ ನೋಡಿದರೆ ಎಷ್ಟೋ ಸಲ ಕೆಳಭಾಗ ಕಾದಿರುತ್ತದೆ, ಸುಮ್ನೆ ಒಂದು ಫೈಲ್ ತೆರೆದಿದ್ದರೂ ಫ್ಯಾನ್ ಜೋರಾಗಿ ಕೂಗುತ್ತಿರುತ್ತದೆ. ಬಿಚ್ಚಿ ನೋಡಿದರೆ ಒಳಗೆ ಧೂಳು ಕಟ್ಟಿಕೊಂಡಿರುತ್ತದೆ. ಇನ್ನೂ ವರ್ಷಗಟ್ಟಲೆ ಬಾಳಬೇಕಾದ ಮೆಷಿನ್ ಇಷ್ಟಕ್ಕೇ ಮೂಲೆ ಸೇರುವುದನ್ನು ನೋಡಿದಾಗ ನನಗೆ ತುಂಬಾ ಬೇಜಾರಾಗುತ್ತದೆ. ಅದಕ್ಕೇ ಈ ಪತ್ರ.

ಲ್ಯಾಪ್‌ಟಾಪಿನ ಮುಖ್ಯ ಚಿಪ್ ಆದ ಪ್ರೊಸೆಸರ್ ಮೇಲೆ ಒಂದು ತಾಮ್ರದ ಕೊಳವೆ ಕೂತಿರುತ್ತದೆ. ಅದರೊಳಗೆ ಸ್ವಲ್ಪ ದ್ರವ ಇರುತ್ತದೆ. ಅದು ಬಿಸಿಗೆ ಆವಿಯಾಗಿ ಇನ್ನೊಂದು ತುದಿಗೆ ಹೋಗುತ್ತದೆ, ಅಲ್ಲಿ ತಣ್ಣಗಾಗಿ ಮತ್ತೆ ದ್ರವವಾಗಿ ವಾಪಸ್ ಬರುತ್ತದೆ. ಆ ತುದಿಯಲ್ಲಿ ತೆಳುವಾದ ಲೋಹದ ಹಾಳೆಗಳು ಒತ್ತೊತ್ತಾಗಿ ನಿಂತಿರುತ್ತವೆ, ಫ್ಯಾನ್ ಅವುಗಳ ಸಂದಿಯಿಂದ ಗಾಳಿ ದೂಡಿ ಬಿಸಿಯನ್ನು ಹೊರಗೆ ಹಾಕುತ್ತದೆ. ಧೂಳು ಕೂರುವುದು ಸರಿಯಾಗಿ ಇಲ್ಲೇ, ಫ್ಯಾನಿಗೂ ಹಾಳೆಗಳಿಗೂ ನಡುವೆ, ಕಂಬಳಿ ತುಂಡಿನ ಹಾಗೆ ದಪ್ಪಗೆ. ಹೊರಗಿನಿಂದ ನೋಡಿದರೆ ಜಾಲರಿ ಕ್ಲೀನಾಗಿಯೇ ಕಾಣುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ.

ಬಿಸಿ ಹೊರಗೆ ಹೋಗದಿದ್ದರೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಈಗಿನ ಹೆಚ್ಚಿನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ಆ ಗಡಿ 95ರಿಂದ 105 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದೆ. ಅದನ್ನೂ ಮೀರಿ ಏರಿದರೆ ಮೆಷಿನ್ ತಟ್ಟನೆ ಆಫ್ ಆಗುತ್ತದೆ. ನಾವು ಸ್ಲೋ ಅನ್ನುವುದು ಬಹಳ ಸಲ ಇದನ್ನೇ. ಆಗ ವಿಂಡೋಸ್ ಹೊಸದಾಗಿ ಹಾಕಿಸಿ ಏನು ಪ್ರಯೋಜನ? ಧೂಳು ಇದ್ದಲ್ಲೇ ಇರುತ್ತದೆ ಅಲ್ವಾ?

ಬಿಚ್ಚುವ ಮೊದಲು ಎರಡು ವಿಷಯ ನೋಡಿ. ಟಾಸ್ಕ್ ಮ್ಯಾನೇಜರ್ ತೆರೆದು ಯಾವ ಪ್ರೋಗ್ರಾಂ ಪ್ರೊಸೆಸರ್ ತಿನ್ನುತ್ತಿದೆ ಅಂತ ನೋಡಿ. ಬ್ರೌಸರ್‌ನಲ್ಲಿ ಮರೆತು ಬಿಟ್ಟ ಟ್ಯಾಬ್, ಆಂಟಿವೈರಸ್ ಸ್ಕ್ಯಾನ್, ಹಿಂದೆ ನಡೆಯುತ್ತಿರುವ ಅಪ್‌ಡೇಟ್, ಇಂಥದ್ದೇನಾದರೂ ಇದ್ದರೆ ಅದನ್ನು ನಿಲ್ಲಿಸಿದರೆ ಸಾಕಾಗಬಹುದು. ಆಮೇಲೆ ಬಿಸಿಗಾಳಿ ಬರುವ ಜಾಗಕ್ಕೆ ಕೈ ಹಿಡಿಯಿರಿ. ಫ್ಯಾನ್ ಶಬ್ದ ಜೋರು, ಗಾಳಿ ಮಾತ್ರ ಬರುತ್ತಲೇ ಇಲ್ಲ ಅಂದರೆ ಧೂಳು ಕಟ್ಟಿದೆ. ಗಾಳಿ ಜೋರಾಗಿ, ಬಿಸಿಯಾಗಿ ಬರುತ್ತಿದ್ದರೆ ತಣ್ಣಗಾಗಿಸುವ ವ್ಯವಸ್ಥೆ ಕೆಲಸ ಮಾಡುತ್ತಿದೆ, ಕೆಲಸದ ಹೊರೆಯೇ ಜಾಸ್ತಿ. ಗಾಳಿ ಜೋರಾಗಿದೆ, ಆದರೆ ಅಷ್ಟೇನೂ ಬಿಸಿಯಿಲ್ಲ, ತಾಪಮಾನ ತೋರಿಸುವ ಪ್ರೋಗ್ರಾಂನಲ್ಲಿ ಪ್ರೊಸೆಸರ್ ಮಾತ್ರ ಕುದಿಯುತ್ತಿದೆ ಅಂತ ಕಂಡರೆ ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನ ಬಿಸಿಯನ್ನು ಆ ಕೊಳವೆಗೆ ದಾಟಿಸಲು ನಡುವೆ ಹಚ್ಚುವ ಅಂಟು) ಒಣಗಿರುವ ಸಾಧ್ಯತೆ ಹೆಚ್ಚು. ರಿಪೇರಿಗೆ ಕೊಡುವುದಾದರೂ ಈ ಪರೀಕ್ಷೆ ನೀವೇ ಮಾಡಿಕೊಂಡು ಹೋಗಿ, ಮಾತು ಬೇರೆಯೇ ಆಗುತ್ತದೆ.

ಧೂಳು ತೆಗೆಯುವಾಗ ಲ್ಯಾಪ್‌ಟಾಪ್ ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆಯಿರಿ. ವಾರಂಟಿ ಇನ್ನೂ ಇದ್ದರೆ ಅದರ ನಿಯಮ ಓದಿಕೊಂಡೇ ಬಿಚ್ಚಿ. ಯಾವ ಸ್ಕ್ರೂ ಎಲ್ಲಿಯದು ಅಂತ ಗುರುತು ಮಾಡಿಕೊಳ್ಳಿ, ಯಾಕೆಂದರೆ ಉದ್ದನೆಯ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಬೋರ್ಡಿಗೇ ಪೆಟ್ಟಾಗಬಹುದು. ಹಿಂದಿನ ಕವರ್ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಫ್ಯಾನ್ ರೆಕ್ಕೆಯನ್ನು ಒಂದು ಕಡ್ಡಿಯಿಂದ ತಡೆದು ಹಿಡಿದೇ ಗಾಳಿ ಊದಿ, ಹಾಗೇ ಊದಿದರೆ ಅದು ಅತಿ ವೇಗವಾಗಿ ತಿರುಗಿ ಬೇರಿಂಗ್ ಹಾಳಾಗಬಹುದು. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಸ್ಟ್ಯಾಟಿಕ್ ಕರೆಂಟ್ (ಉಜ್ಜಾಟದಿಂದ ಹುಟ್ಟುವ ವಿದ್ಯುತ್) ಬೋರ್ಡಿಗೆ ತಗಲುವ ಅಪಾಯ ಇದೆ. ಹೊರಗಿನ ಜಾಲರಿಯಿಂದಲೇ ಊದಿದರೆ ಆ ದಪ್ಪ ಪದರ ಹಿಂದೆ ಸರಿದು ಫ್ಯಾನ್ ಮೇಲೆ ಬೀಳುತ್ತದೆ, ಆಮೇಲೆ ಮತ್ತೆ ಅಲ್ಲೇ ಬಂದು ಕೂರುತ್ತದೆ. ಕವರ್ ಬಿಚ್ಚಿ ಮೆತ್ತನೆಯ ಬ್ರಷ್‌ನಿಂದ ಅದನ್ನು ಎತ್ತಿ ತೆಗೆದರೇ ಕೆಲಸ ಮುಗಿಯುವುದು.

ಪೇಸ್ಟ್ ಬದಲಾಯಿಸುವುದು ಇದಕ್ಕಿಂತ ಸೂಕ್ಷ್ಮ ಕೆಲಸ, ಕೈ ಪಳಗಿಲ್ಲದಿದ್ದರೆ ಗೊತ್ತಿರುವವರಿಗೆ ಕೊಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಪೇಸ್ಟ್ ಬದಲು ಲಿಕ್ವಿಡ್ ಮೆಟಲ್ ಇರುತ್ತದೆ. ಅದರಲ್ಲಿ ಕರೆಂಟ್ ಹರಿಯುತ್ತದೆ, ಒಂದು ಹನಿ ಬೇರೆ ಕಡೆ ಬಿದ್ದರೂ ಶಾರ್ಟ್ ಆಗಬಹುದು.

ಇನ್ನು ದಿನನಿತ್ಯದ ಬಳಕೆ. ಹಾಸಿಗೆ, ದಿಂಬು, ಕಂಬಳಿ ಮೇಲೆ ಇಟ್ಟರೆ ಕೆಳಗಿನಿಂದ ಗಾಳಿ ಎಳೆದುಕೊಳ್ಳುವ ಜಾಗ ಮುಚ್ಚಿಹೋಗುತ್ತದೆ. ಗಟ್ಟಿಯಾದ ಮೇಜು ಬೇಕು, ಹಿಂಭಾಗ ಎರಡು ಬೆರಳಿನಷ್ಟು ಮೇಲಿದ್ದರೆ ಇನ್ನೂ ಒಳ್ಳೆಯದು. ಕೂಲಿಂಗ್ ಪ್ಯಾಡ್ ಸ್ವಲ್ಪ ಸಹಾಯ ಮಾಡುತ್ತದೆ, ಆದರೆ ಒಳಗೆ ಧೂಳು ಕಟ್ಟಿದ್ದರೆ ಅದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ವಿಂಡೋಸ್ ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿಯನ್ನು ಶೇಕಡಾ 100ರಿಂದ 99ಕ್ಕೆ ಇಳಿಸಿದರೆ ಹೆಚ್ಚಿನ ಮೆಷಿನ್‌ಗಳಲ್ಲಿ ಟರ್ಬೊ, ಅಂದರೆ ಪ್ರೊಸೆಸರ್ ಮಾಮೂಲಿಗಿಂತ ಹೆಚ್ಚು ವೇಗದಲ್ಲಿ ಓಡುವುದು, ನಿಲ್ಲುತ್ತದೆ. ಓದು, ಬರಹಕ್ಕೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಬಿಸಿ ಮಾತ್ರ ಚೆನ್ನಾಗಿ ಇಳಿಯುತ್ತದೆ. ಬ್ಯಾಗಿನಲ್ಲಿ ಹಾಕುವಾಗ ಬರೀ ಮುಚ್ಚಿ ಹಾಕಬೇಡಿ, ಶಟ್‌ಡೌನ್ ಮಾಡಿ. ಸ್ಲೀಪ್‌ನಲ್ಲಿದ್ದ ಮೆಷಿನ್ ಬ್ಯಾಗಿನೊಳಗೇ ಎಚ್ಚರವಾಗಿ ಬೇಯುವುದುಂಟು. ತುಂಬಾ ಬಿಸಿಯಾಯಿತು ಅಂತ ಫ್ರಿಜ್‌ನಲ್ಲಿ ಇಡುವವರೂ ಇದ್ದಾರೆ, ದಯವಿಟ್ಟು ಬೇಡ, ಒಳಗೆ ನೀರಿನ ಹನಿ ಕಟ್ಟುತ್ತದೆ.

ಒಂದು ವಿಷಯದಲ್ಲಿ ಮಾತ್ರ ತಡಮಾಡಬೇಡಿ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಮೇಜಿನ ಮೇಲೆ ಲ್ಯಾಪ್‌ಟಾಪ್ ಸಮನಾಗಿ ಕೂರದಿದ್ದರೆ ಬ್ಯಾಟರಿ ಉಬ್ಬಿರಬಹುದು. ಬಿಸಿ ಲಿಥಿಯಂ ಬ್ಯಾಟರಿಯ ಆಯಸ್ಸನ್ನು ತಿನ್ನುತ್ತದೆ, ಉಬ್ಬಿದ ಬ್ಯಾಟರಿಗೆ ಬೆಂಕಿ ಹತ್ತುವ ಅಪಾಯ ಇದೆ. ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ, ಬಳಸುವುದನ್ನು ನಿಲ್ಲಿಸಿ ಸರ್ವಿಸ್‌ನವರಿಗೆ ತೋರಿಸಿ.

ಇಷ್ಟೆಲ್ಲ ಬಳಕೆದಾರರೇ ಮಾಡಬೇಕು ಅನ್ನುವುದೂ ನ್ಯಾಯವಲ್ಲ. ಹಿಂದೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಫ್ಯಾನಿಗೆಂದೇ ಒಂದು ಸಣ್ಣ ಮುಚ್ಚಳ ಇರುತ್ತಿತ್ತು. ಈಗ ಬಹುಪಾಲು ಮಾದರಿಗಳಲ್ಲಿ ಇಡೀ ತಳವನ್ನೇ ಕಳಚಬೇಕು, ಕೆಲವದರಲ್ಲಿ ಸ್ಕ್ರೂಗಳು ರಬ್ಬರ್ ಪಾದದ ಅಡಿ ಅಡಗಿರುತ್ತವೆ, ಕ್ಲಿಪ್‌ಗಳು ಬಿಚ್ಚುವಾಗ ಮುರಿಯುತ್ತವೆ. ಧೂಳು ಸೇರುವುದು ಖಂಡಿತ ಅಂತ ಗೊತ್ತಿದ್ದೂ ಹೀಗೆ ಕಟ್ಟುವುದು ಸರಿಯಲ್ಲ. ತಯಾರಕರು ಆ ಮುಚ್ಚಳ ವಾಪಸ್ ಕೊಡಲಿ. ರಿಪೇರಿ ಮಾಡುವವರು ಮದರ್‌ಬೋರ್ಡ್ ಹೋಗಿದೆ ಅನ್ನುವ ಮೊದಲು ಗ್ರಾಹಕರ ಎದುರೇ ಬಿಚ್ಚಿ ತೋರಿಸಲಿ. ಹೊಸ ಲ್ಯಾಪ್‌ಟಾಪ್‌ಗಳ ವಿಮರ್ಶೆ ಬರೆಯುವವರು ಫ್ಯಾನ್ ಕ್ಲೀನ್ ಮಾಡುವುದು ಎಷ್ಟು ಸುಲಭ ಅಂತ ಪ್ರತಿ ಸಲ ಒಂದು ಸಾಲು ಸೇರಿಸಲಿ. ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಿಂದಲೇ ಅದು ಶುರುವಾಗಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಓದುಗ